ಧೋತರ ಉಟ್ಟಾವ್ರಿಗೆ ಯಾವ ರಿವಾಲ್ವರ್ ಚಲೋ?

ನಮ್ಮ ಕಾಕಾಗ ಅಂತೂ ಲೈಸನ್ಸ್ ಆತು. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ವ್ಯಾಪಾರ, ಸೀಸನ್ನ್ಯಾಗ ಹೊತ್ತು ಮುಣುಗಿದ ಮ್ಯಾಲೆ ರೊಕ್ಕಾ ಹಿಡಕೊಂಡು ಹುಬ್ಬಳ್ಳಿಗೆ ಬರೋ ಮನಷ್ಯಾ. ಈಗ ದಿನಾ ಒಂದ ಪ್ರಶ್ನೆ, "ಯಾವ್ದ ತಗೊಳ್ಳಲೋ ತಮ್ಮಾ?" ಅಂತ.

ಯೂಟ್ಯೂಬ್‌ನ್ಯಾಗ ಅಮೆರಿಕಾದವ್ರ ವಿಡಿಯೋ ನೋಡಿ ಗ್ಲಾಕ್ ಪಿಸ್ತೂಲ್ ಬೇಕು ಅಂತ ಕುಂತಿದ್ರು. ಕಾಕಾ, ಅದು 9 ಎಂಎಂ, ನಮ್ಮ ದೇಶದಾಗ ಪ್ರೊಹಿಬಿಟೆಡ್ ಬೋರ್ (ನಿಷೇಧ ಮಾಡಿದ ನಳಿಗಿ ಅಳತಿ), ಸಾದಾ ಲೈಸನ್ಸಿಗೆ ಸಿಗೂದಿಲ್ಲ ಅಂದೆ. ಆತ್ಮರಕ್ಷಣೆಗಂತ ನಮಗ ಉಳಿಯೋದು ಹೆಚ್ಚುಕಮ್ಮಿ ಪಾಯಿಂಟ್ 32 ಬೋರ್ ಒಂದ. ಅದರಾಗ ರಿವಾಲ್ವರಿನ ಗುಂಡು ಬ್ಯಾರೆ, ಪಿಸ್ತೂಲಿನ ಗುಂಡು ಬ್ಯಾರೆ, ಎರಡಕ್ಕೂ 32 ಅಂತಾರಂತ ಅದನ್ನ ಇದಕ್ಕ ಹಾಕಾಕ ಬರೂದಿಲ್ಲ, ಅಂಗಡ್ಯಾಗ ಬಾಯಿಬಿಟ್ಟು ಹೇಳಿ ತಗೋರಿ.

ಪಿಸ್ತೂಲ್ ಅಂದ್ರ ಅಶನಿ ಐತಿ, ಚಪ್ಪಟಿ ಇರ್ತೈತಿ, ಅಂಗಿ ಒಳಗ ಉಬ್ಬಿ ಕಾಣೂದಿಲ್ಲ. ಆದ್ರ ಕಾಕಾಂದು ಬಟ್ಟ ಊದಿದ ಕೈ, ಸ್ಲೈಡ್ (ಪಿಸ್ತೂಲಿನ ಮ್ಯಾಲಿನ ಜಾರೋ ಭಾಗ) ಹಿಂದಕ್ಕ ಎಳೀಬೇಕಂದ್ರ ಹಲ್ಲ ಕಚ್ಚತಾರ. ಮ್ಯಾಲೆ ಮೆಣಸಿನಕಾಯಿ ಧೂಳು, ಅಂಗಡ್ಯಾಗ ಕುಂತ್ರ ಕಿಸೇದಾಗಿನ ನೋಟಿಗೂ ಘಾಟು ಹತ್ತಿರ್ತೈತಿ, ಆ ಧೂಳು ಎಣ್ಣಿಗೆ ಅಂಟಿ ಸ್ಲೈಡಿನ ಸಂದ್ಯಾಗ ಕುಂತ್ರ ಪಿಸ್ತೂಲ್ ಯಾವಾಗ ಸಿಗಿಬೀಳ್ತೈತೋ ಗೊತ್ತಿಲ್ಲ. ರಿವಾಲ್ವರಿಗೂ ಧೂಳು ಒಳ್ಳೇದೇನಲ್ಲ ಬಿಡ್ರಿ, ಆದ್ರ ಅದರಾಗ ಒಂದು ಗುಂಡು ಹಾರಲಿಲ್ಲಂದ್ರ ಮತ್ತೊಮ್ಮೆ ಟ್ರಿಗರ್ ಒತ್ತಿದ್ರ ಸಾಕು, ಮುಂದಿನ ಗುಂಡು ತಾನ ಬರ್ತೈತಿ. ನನ್ನ ಓಟು ರಿವಾಲ್ವರಿಗೆ.

ಕಾನ್ಪುರದ ಹಳೇ 32 ರಿವಾಲ್ವರ್ ಸುಮಾರು 700 ಗ್ರಾಂ, ನಡುಕ್ಕ ಮುರದು ತೆರಿಯೋದು, ಹಾರಿಸಿದ ಗುಂಡಿನ ಖಾಲಿ ಕೇಸ್ ಎಲ್ಲಾ ಒಮ್ಮೆಲೇ ಹೊರಗ ಬರ್ತಾವ. 2014ರಾಗ ಬಂದ ನಿರ್ಭೀಕ್ ರಿವಾಲ್ವರ್ ಅರ್ಧ ಕಿಲೋದಷ್ಟ, ಆದ್ರ ಆಗಿನ ರೇಟ ಒಂದು ಲಕ್ಷದ ಮ್ಯಾಲಿತ್ತು. 2023ರಾಗ ಬಂದ ಪ್ರಬಲ್‌ದ ಸಿಲಿಂಡರ್ (ಗುಂಡು ತುಂಬೋ ತಿರುಗೋ ಭಾಗ) ಬಾಜೂಕ್ಕ ತೆರೀತೈತಿ. ಹರ್ದೋಯಿದಾಗ ತಯಾರಾಗೋ ವೆಬ್ಲೀನೂ ಐತಿ, ಹೆಸರಿಗೆ ರೊಕ್ಕಾ ಕೊಡಾವ್ರು ಕೊಡ್ಲಿ. ನನ್ನ ಕೇಳಿದ್ರ ಹಗೂರದ್ದ ನೋಡ್ರಿ, ಭಾರ ಆತಂದ್ರ ಎರಡ ವಾರ ಹೊತಗೊಂಡು ತಿರುಗಿ ಆಮ್ಯಾಲೆ ಟ್ರೆಜರ್ಯಾಗ ಇಟ್ಟಬಿಡ್ತೀರಿ. 32ಕ್ಕ ಒದೆತ ಕಡಿಮಿ, ಹಗೂರಿದ್ರೂ ಕೈ ಝಾಡಿಸೂದಿಲ್ಲ. ಖಾಲಿ ಐತಿ ಅಂತ ಖಾತ್ರಿ ಮಾಡ್ಕೊಂಡು, ಅಂಗಡಿಯವ್ರನ್ನ ಕೇಳಿ, ಹ್ಯಾಮರ್ (ಹಿಂದಿನ ಬಡಿಯೋ ಕುದುರಿ) ಎಳೀದನ ಬರೇ ಟ್ರಿಗರ್ ಒತ್ತಿ ನೋಡ್ರಿ. ಆ ಬಿಗಿ ನಿಮ್ಮ ಬೆರಳು ತಡೀಬೇಕು, ಮೂತಿ ಅಳ್ಳಾಡಬಾರ್ದು.

ಇನ್ನ ಮುಖ್ಯ ಗದ್ದಲ ಏನಂದ್ರ ಕಾಕಾ ಉಡೋದು ಧೋತರ! ಬೆಲ್ಟ್ ಇಲ್ಲ, ಹೋಲ್ಸ್ಟರ್ (ರಿವಾಲ್ವರ್ ಇಡೋ ಒರೆ) ಎಲ್ಲಿ ಕಟ್ಟತೀರಿ? ಬಂಡಿ ಕಿಸೇದಾಗ ಇಟ್ಕೋತೀನಿ ಅಂದ್ರು, ಕೀಲಿಗೊಂಚಲು ಎಲಿ ಅಡಿಕಿ ಚೀಲ ಎಲ್ಲಾ ಅದರಾಗ! ಬ್ಯಾಡ್ರೀ ಕಾಕಾ, ಟ್ರಿಗರಿಗೆ ಏನರ ಸಿಕ್ರ ನಿಮ್ಮ ತೊಡೀನ ಹೋಗ್ತೈತಿ. 2016ರ ಆರ್ಮ್ಸ್ ರೂಲ್ಸ್ ಪ್ರಕಾರನೂ ಸಾರ್ವಜನಿಕ ಜಾಗಾದಾಗ ಮೈಗೆ ಕಟ್ಟಿದ ಹೋಲ್ಸ್ಟರಿನ್ಯಾಗೋ ಅದಕ್ಕಂತ ಇರೋ ಚೀಲದಾಗೋ ಪೂರ್ತಿ ಮುಚ್ಚಿ ಇಟ್ಕೋಬೇಕು, ಹಿಡಿದು ತೋರಿಸಿ ಜಂಬ ಮಾಡೂ ಹಂಗಿಲ್ಲ. ಕಡೀಕ ಪ್ಯಾಟ್ಯಾಗ ಟೆಂಡರ್ (ಮಾಲಿನ ಹರಾಜು) ಇದ್ದ ದಿನ ಪ್ಯಾಂಟ್ ಹಾಕ್ಕೊಳ್ಳೋದು, ದಪ್ಪ ಬೆಲ್ಟು, ಟ್ರಿಗರ್ ಪೂರ್ತಿ ಮುಚ್ಚೂವಂಥ ಹೋಲ್ಸ್ಟರ್, ಮ್ಯಾಲೆ ಸಡಿಲ ಅಂಗಿ ಅಂತ ಠರಾವ್ ಆತು, ಕಾಕು ಮಾತ್ರ ಇನ್ನೂ ನಗಾಕತ್ತಾರ. ತೊಗಲಿನ ಹೋಲ್ಸ್ಟರ್ ಬೆವರು ಹೀರ್ತೈತಿ, ಮನಿಗೆ ಬಂದ ಮ್ಯಾಲೆ ರಿವಾಲ್ವರ್ ಹೊರಗ ತಗದು ಒಣಾ ಅರಿವಿಲೆ ಒರಸ್ರಿ, ಇಲ್ಲಾಂದ್ರ ಎಪ್ರಿಲ್ ಮುಗಿಯೂದ್ರಾಗ ತುಕ್ಕು.

ಹಾಂ, ಲೈಸನ್ಸಿನ್ಯಾಗ ಎಲ್ಲೀತನಕ ಒಯ್ಯಬಹುದು ಅಂತ ಬರದಿರ್ತೈತಿ, ಧಾರವಾಡ ಜಿಲ್ಲಾ ಅಷ್ಟ ಇದ್ರ ಬ್ಯಾಡಗಿ ಹಾವೇರಿ ಜಿಲ್ಲಾಕ್ಕ ಬರ್ತೈತಿ ನೆನಪಿರ್ಲಿ. ಎಲೆಕ್ಷನ್ ಬಂದಾಗ ಠಾಣೇದಾಗ ಡಿಪಾಜಿಟ್ ಮಾಡ್ರಿ ಅಂತ ಆರ್ಡರ್ ಬರ್ತೈತಿ, ಆವಾಗ ಕೊಟ್ಟು ರಸೀದಿ ಇಸ್ಕೋರಿ.