ಕಾವಲುದೂತರ ಹಬ್ಬ ಮತ್ತು ತೋಬಿಯನ ಮೀನು

ಗಾಂಧಿ ಜಯಂತಿಯ ರಜೆ ಬರುವ ಅಕ್ಟೋಬರ್ 2ರಂದೇ ಕಥೋಲಿಕ ಧರ್ಮಸಭೆ ಕಾವಲುದೂತರನ್ನು, ಅಂದರೆ ಒಬ್ಬೊಬ್ಬರನ್ನೂ ಕಾಯುವ ದೇವದೂತರನ್ನು, ಸ್ಮರಿಸುತ್ತದೆ. ಮಿಕಾಯೇಲ, ಗಬ್ರಿಯೇಲ, ರಫಾಯೇಲರೆಂಬ ಪ್ರಧಾನ ದೇವದೂತರ ಹಬ್ಬವಾದ ಸೆಪ್ಟೆಂಬರ್ 29 ಹೆಚ್ಚಾಗಿ ಶಾಲೆಯ ಗಡಿಬಿಡಿಯಲ್ಲಿಯೇ ಕಳೆದುಹೋಗುವುದರಿಂದ, ನಮ್ಮ ಮನೆಯಲ್ಲಿ ದೇವದೂತರಿಗಾಗಿ ಮೀಸಲಿಡುವ ದಿನ ಇದೇ ಆಗಿದೆ.

ಬೆಳಗಿನ ಬಲಿಪೂಜೆಯಲ್ಲಿ ಓದುವ ಮತ್ತಾಯನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ, ಚಿಕ್ಕವರಲ್ಲಿ ಒಬ್ಬರನ್ನೂ ತಾತ್ಸಾರ ಮಾಡಬಾರದೆಂದೂ ಅವರ ದೂತರು ಸ್ವರ್ಗದಲ್ಲಿ ತಂದೆಯ ಮುಖವನ್ನು ಸದಾ ಕಾಣುತ್ತಿರುತ್ತಾರೆಂದೂ ಯೇಸುಸ್ವಾಮಿ ಹೇಳುತ್ತಾರೆ. ಆದರೂ ಮಕ್ಕಳ ಮನಸ್ಸಿಗೆ ದೇವದೂತನನ್ನು ಹತ್ತಿರ ತರಲು ಬೈಬಲಿನ ತೋಬಿತನ ಗ್ರಂಥಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಚಿತ್ರಪಟಗಳ ದೂತರಿಗೆ ರೆಕ್ಕೆಯಿರುತ್ತದೆ. ಇಲ್ಲಿನ ರಫಾಯೇಲನಾದರೋ ಅಜರ್ಯನೆಂಬ ಹೆಸರು ಹೇಳಿಕೊಂಡು, ತಂದೆ ತೋಬಿತನ ಹಣವನ್ನು ತರಲು ದೂರದ ಮೇದ್ಯ ದೇಶಕ್ಕೆ ಹೊರಟ ತೋಬಿಯನೊಡನೆ ಕಾಲ್ನಡಿಗೆಯಲ್ಲಿ ಸಾಗುತ್ತಾನೆ, ಅವರ ಹಿಂದೆ ಒಂದು ನಾಯಿಯೂ ಹೊರಡುತ್ತದೆ.

ಈ ಕಥೆಗಾಗಿಯೇ ಆ ದಿನ ಕತ್ತರಿಸದ ಇಡೀ ಕಾಟ್ಲಾ ಮೀನನ್ನು ತರುತ್ತೇನೆ. ಅಡುಗೆಮನೆಯಲ್ಲಿ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಒಡೆದರೆ ಸಾರನ್ನೆಲ್ಲ ಕಹಿ ಮಾಡುವ ಹಸಿರು ಪಿತ್ತದ ಚೀಲವನ್ನು ಜೋಪಾನವಾಗಿ ಬಿಡಿಸಿ ತೋರಿಸುತ್ತೇನೆ. ಟೈಗ್ರಿಸ್ ನದಿಯಲ್ಲಿ ತೋಬಿಯನ ಮೇಲೆರಗಿದ ದೊಡ್ಡ ಮೀನನ್ನು ಹಿಡಿಯಲು ಹೇಳಿದವನು ಆ ದೂತನೇ. ನಾವು ಎಸೆಯುವ ಪಿತ್ತವನ್ನು ಎತ್ತಿಡಿಸಿ, ಕುರುಡನಾಗಿದ್ದ ತಂದೆಯ ಕಣ್ಣಿಗೆ ಅದನ್ನೇ ಮದ್ದಾಗಿಸಿದವನೂ ಅವನೇ. ರಫಾಯೇಲ ಎಂದರೆ ‘ದೇವರು ಗುಣಪಡಿಸುತ್ತಾನೆ’ ಎಂದರ್ಥ. ಮಸಾಲೆ ಅರೆಯುವ ಹೊತ್ತಿಗೆ ಹೇಳಿದ ಈ ಅರ್ಥವನ್ನು ಮಕ್ಕಳು ಧರ್ಮೋಪದೇಶದ ತರಗತಿಯ ಪಾಠಕ್ಕಿಂತ ಚೆನ್ನಾಗಿ ನೆನಪಿಟ್ಟಿದ್ದಾರೆ.

ಈ ಬಾರಿ ಮಗಳು ತನ್ನ ಕಾವಲುದೂತನಿಗೆ ತಾನೇ ಒಂದು ಹೆಸರಿಡುವೆನೆಂದು ಹಟ ಹಿಡಿದಳು. ಪವಿತ್ರ ಗ್ರಂಥದಲ್ಲಿರುವ ಆ ಮೂವರ ಹೊರತು ಬೇರೆ ದೂತರಿಗೆ ಹೆಸರಿಡುವ ರೂಢಿ ಸಲ್ಲದೆಂದು ಜನರ ಭಕ್ತಾಚರಣೆಗಳ ಕುರಿತು ವ್ಯಾಟಿಕನ್ 2001ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ಇದನ್ನು ಬರಿಯ ನಿಯಮವಾಗಿ ಹೇಳಿ ಅವಳ ಉತ್ಸಾಹವನ್ನು ಮುರಿಯಲು ನನಗೆ ಮನಸ್ಸಾಗಲಿಲ್ಲ. “ಹೆಸರಿಡುವವರು ಯಾರನ್ನು ಸಾಕುತ್ತಾರೋ ಅವರಿಗೆ ಇಡುತ್ತಾರೆ, ಕಂದಾ, ನಿನ್ನ ದೂತನನ್ನು ನೀನು ಸಾಕುತ್ತಿಲ್ಲ, ಅವನೇ ನಿನ್ನನ್ನು ಕಾಯುತ್ತಿದ್ದಾನೆ” ಎಂದೆ. ಅವಳು ಬಹಳ ಹೊತ್ತು ಯೋಚಿಸಿ, ಬರೆದಿಟ್ಟಿದ್ದ ಹೆಸರನ್ನು ತಾನೇ ಅಳಿಸಿ, ಆ ಜಾಗದಲ್ಲಿ ಒಂದು ದೀಪವನ್ನು ಬಿಡಿಸಿದಳು.

ಪೋಪ್ ಹತ್ತನೆಯ ಕ್ಲೆಮೆಂಟರು 1670ರಲ್ಲಿ ಈ ಸ್ಮರಣೆಯನ್ನು ಇಡೀ ಧರ್ಮಸಭೆಗೆ ಅನ್ವಯಿಸಿದರೆಂಬ ಸಂಗತಿ ಮಕ್ಕಳಿಗೆ ಅಷ್ಟೇನೂ ರುಚಿಸಲಿಲ್ಲ. ರಾತ್ರಿಯ ಪ್ರಾರ್ಥನೆ ಮುಗಿದು ದೀಪ ಆರಿಸಿದ ಮೇಲೂ ಕಿರಿಯವನನ್ನು ಕಾಡುತ್ತಿದ್ದುದು ಬೇರೆಯೇ ಪ್ರಶ್ನೆ: “ಅಮ್ಮಾ, ಆ ನಾಯಿ ವಾಪಸ್ ಮನೆಗೆ ಬಂತಾ?” ಮತ್ತೆ ದೀಪ ಹಚ್ಚಿ, ತೋಬಿತನ ಗ್ರಂಥದ ಹನ್ನೊಂದನೆಯ ಅಧ್ಯಾಯವನ್ನು ತೆರೆದು, ತೋಬಿಯನೂ ದೂತನೂ ಊರಿಗೆ ಮರಳುವಾಗ ನಾಯಿಯೂ ಅವರ ಹಿಂದೆಯೇ ಬಂತೆಂಬ ಸಾಲನ್ನು ಅವನಿಗೆ ಓದಿ ತೋರಿಸಿದೆ.