ಹರಿಗೋಲು ಬೋರಲು ಹಾಕಿದ ರಾತ್ರಿ

ಅಕ್ಟೋಬರ್ ತಿಂಗಳು, ಚಿತ್ತಿ ಮಳೆ. ಸುರಪುರ ತಾಲ್ಲೂಕಿನ ತಿಂಥಣಿಯಿಂದ ಸ್ವಲ್ಪ ದೂರದಲ್ಲಿ, ಕೃಷ್ಣೆಯ ನಡುವಿನ ಒಂದು ಗಡ್ಡೆಯ ಮೇಲೆ ರಾತ್ರಿ ಕಳೆಯೋಣ ಅಂತ ನಾನು, ಗೆಳೆಯ ಹೋಗಿದ್ದೆವು. ಮೀನು ಹಿಡಿಯುವ ಕಾಕಾ ಒಬ್ಬರು ತಮ್ಮ ಹರಿಗೋಲಿನಲ್ಲಿ ಕರೆದುಕೊಂಡು ಬಂದಿದ್ದರು. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದದ್ದು.

ಸಂಜೆ ಧಗೆ ಜಾಸ್ತಿಯಾಯಿತು. ಒಂದೆಲೆಯೂ ಅಲುಗಲಿಲ್ಲ. ಗಡ್ಡೆಯ ಮೇಲೆ ಇದ್ದದ್ದು ಒಂದೇ ಬೇವಿನ ಗಿಡ. ನೆರಳಿದೆ ಅಲ್ವಾ ಅಂತ ಅದರ ಬುಡದಲ್ಲೇ ಟೆಂಟ್ ಹಾಕುತ್ತಿದ್ದೆವು. ಕಾಕಾ ಬಂದವರೇ ಗೂಟ ಕಿತ್ತರು.

"ತಮ್ಮಾ, ಗಿಡದ ಬುಡಕ ಬ್ಯಾಡ್ರಿ. ಸಿಡ್ಲಿಗಿ ಎತ್ತರದ್ದೇ ಬೇಕು. ಇಲ್ಲಿ ಎತ್ತರ ಅಂದ್ರ ಅದೊಂದೇ ಅದ."

"ಹಂಗಾದ್ರ ದಂಡಿಗಿ ಹೋಗಿಬಿಡೂನ ಕಾಕಾ?"

"ನಡುನೀರಾಗ ಸಿಕ್ಕೊಂಡ್ರ ನಾವ ಗಿಡ ಆಗ್ತೀವಿ."

ಆ ಮಾತಿಗೆ ಮೈ ಜುಮ್ಮೆಂದಿತು. ಗಿಡದಿಂದ ದೂರ, ಕಲ್ಲುಗುಂಡುಗಳಿಂದಲೂ ದೂರ, ತಗ್ಗಿನ ಮರಳಿಗೆ ಸಾಮಾನು ಸಾಗಿಸಿದೆವು. ಅಷ್ಟರಲ್ಲಿ ಒಮ್ಮೆಲೇ ತಣ್ಣನೆ ಗಾಳಿ ಬೀಸಿತು. ಮೋಡ ಮಳೆ ಸುರಿಸುವ ಮುಂಚೆ ತಂಪು ಗಾಳಿಯನ್ನು ಕೆಳಗೆ ತಳ್ಳುತ್ತದೆ. ಅದು ಮುಖಕ್ಕೆ ಬಡಿಯಿತು ಅಂದರೆ ಹೊತ್ತಿಲ್ಲ ಅಂತಲೇ ಅರ್ಥ. ಟೆಂಟ್ ಮಗುಚಿ ಬಿತ್ತು. ಕಾಕಾ ಹರಿಗೋಲನ್ನು ಬೋರಲು ಹಾಕಿ, ಒಂದು ಅಂಚಿಗೆ ಕಲ್ಲು ಕೊಟ್ಟು, ನಮ್ಮನ್ನು ಒಳಗೆ ಎಳೆದುಕೊಂಡರು.

ಕತ್ತಲು, ಡಾಂಬರಿನ ವಾಸನೆ, ಮೀನಿನ ವಾಸನೆ. ಹನಿ ಬಿದ್ದರೆ ತಲೆಯ ಮೇಲೆ ಹಲಗೆ ಬಾರಿಸಿದ ಹಾಗೆ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಮಿಂಚಿದ ಕೂಡಲೇ ಎಣಿಸತೊಡಗಿದೆ. 9 ಬಂತು, ಆಮೇಲೆ 6. ಕೊನೆಗೆ ಒಂದು ಅನ್ನುವುದರೊಳಗೇ ಗುಡುಗಿತು. ಮರಳು ನಡುಗಿದ್ದು ಪಾದಕ್ಕೆ ಗೊತ್ತಾಯಿತು. ಕುಕ್ಕುರುಗಾಲಲ್ಲಿ, ಪಾದ ಜೋಡಿಸಿ, ಕೈ ನೆಲಕ್ಕೆ ಊರದೆ ಕುಳಿತಿದ್ದೆವು. ಸಿಡಿಲು ಹತ್ತಿರ ಬಿದ್ದರೆ ಕರೆಂಟು ನೆಲದಲ್ಲೂ ಹರಿಯುತ್ತದೆ. ಕಾಲು ಅಗಲಿಸಿದಷ್ಟೂ ಅಪಾಯ. ಗೆಳೆಯ ತಿಂಥಣಿಯ ದೇವರು ಮೌನೇಶ್ವರನನ್ನು ನೆನೆಯುತ್ತಲೇ ಇದ್ದ.

ನಮಗೆ ಸಿಡಿಲಿನ ಚಿಂತೆ, ಕಾಕಾಗೆ ನೀರಿನದು. ಮೇಲೆ ನಾರಾಯಣಪುರ ಡ್ಯಾಂ ಇದೆ, ಗೇಟ್ ತೆಗೆದರೆ ಗಡ್ಡೆ ಉಳಿಯಲ್ಲ. ಗಾಳಿ ಏಳುವ ಮುಂಚೆಯೇ ಅವರು ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟಿದ್ದರು. ಸಂದಿಯಿಂದ ಬ್ಯಾಟರಿ ಬಿಟ್ಟು ಅದನ್ನೇ ನೋಡುತ್ತಿದ್ದರು.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ನಮ್ಮನ್ನು ಹೊರಗೆ ಬಿಡಲಿಲ್ಲ. ನೆನೆದು ಮೆತ್ತಗಾದ ಖಡಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ಅಷ್ಟು ರುಚಿಯಾದ ಊಟ ನಾನು ಮಾಡಿಲ್ಲ. ಕುಳಿತಲ್ಲೇ ನಿದ್ದೆ ಬಂತು.

ಬೆಳಿಗ್ಗೆ ನೋಡಿದರೆ ಆ ಕಡ್ಡಿಯ ತುದಿಯಷ್ಟೇ ನೀರಿನ ಮೇಲಿತ್ತು. ಅದರ ಹಿಂದೆ ಇನ್ನೂ ಎರಡು ಕಡ್ಡಿಗಳಿದ್ದವು. ಅವನ್ನು ಕಾಕಾ ಯಾವಾಗ ಎದ್ದು ಹೋಗಿ ನೆಟ್ಟರೋ, ನಮಗೆ ಗೊತ್ತೇ ಆಗಿರಲಿಲ್ಲ.