ಸಿಗ್ನಲ್‌ಗೆ ಕ್ಯಾಮೆರಾ ಬಂದ ಮೇಲೂ ನಾನು ಮೊದಲು ನೋಡುವುದು ಜಂಕ್ಷನ್‌ನ ಆಚೆ ಬದಿ

ಬೆಂಗಳೂರಿನ ಟ್ರಾಫಿಕ್ ಸಿಗ್ನಲ್‌ಗಳಿಗೆ ಟೈಮಿಂಗ್ ಕೂರಿಸುವುದು ನನ್ನ ಕೆಲಸ. ಯಾವ ಕಡೆಗೆ ಎಷ್ಟು ಸೆಕೆಂಡ್ ಹಸಿರು, ಎಷ್ಟು ಕೆಂಪು, ಪಕ್ಕದ ಜಂಕ್ಷನ್‌ನಲ್ಲಿ ಹಸಿರು ಬಿದ್ದ ಎಷ್ಟು ಹೊತ್ತಿಗೆ ಇಲ್ಲಿ ಬೀಳಬೇಕು, ದಿನವಿಡೀ ಇದೇ ಲೆಕ್ಕ. ಪರಿಚಯದವರು ಎಲ್ಲಿ ಸಿಕ್ಕರೂ ಕೇಳುವುದು ಒಂದೇ: "ಎಐ ಕ್ಯಾಮೆರಾ ಹಾಕಿದ್ದಾರಂತಲ್ಲ, ಮತ್ತ್ಯಾಕೆ ಇಷ್ಟು ಜಾಮ್?" ಕೇಳಬೇಕಾದ ಪ್ರಶ್ನೆಯೇ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರೂ ಇದನ್ನೇ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಏನು ಬದಲಾಗಿದೆ ಅಂತ ನೋಡಿ. ಹಳೆಯ ಸಿಗ್ನಲ್‌ಗೆ ಟೈಮ್ ಫಿಕ್ಸ್ ಆಗಿರುತ್ತಿತ್ತು. ರಸ್ತೆ ಖಾಲಿ ಇದ್ದರೂ 60 ಸೆಕೆಂಡ್ ಎಂದರೆ 60 ಸೆಕೆಂಡ್. 2024ರಿಂದ ನಗರದಲ್ಲಿ ಅಡಾಪ್ಟಿವ್ ಸಿಗ್ನಲ್‌ಗಳು, ಅಂದರೆ ಕ್ಯಾಮೆರಾದಲ್ಲಿ ಗಾಡಿ ನೋಡಿ ಹಸಿರಿನ ಹೊತ್ತನ್ನು ತಾವೇ ಹೆಚ್ಚು ಕಡಿಮೆ ಮಾಡುವಂಥವು, ಬರುತ್ತಿವೆ. ಶುರುವಿನಲ್ಲಿ ಯೋಜನೆಯ ಗುರಿ ಇದ್ದದ್ದು 165 ಜಂಕ್ಷನ್. ಅದರೊಳಗೆ ಓಡುವುದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನವರ ಕೊಸಿಕಾಸ್ಟ್ ಎಂಬ ಸಾಫ್ಟ್‌ವೇರ್. ಬ್ರಿಟನ್ನಿನ ಸ್ಕೂಟ್, ಸಿಡ್ನಿಯ ಸ್ಕ್ಯಾಟ್ಸ್ ಎಂಬ ಸಿಗ್ನಲ್ ವ್ಯವಸ್ಥೆಗಳು ಇದೇ ಕೆಲಸವನ್ನು ದಶಕಗಳಿಂದ ಮಾಡುತ್ತಿವೆ. ಆದರೆ ಅವು ಹುಟ್ಟಿದ್ದು ಗಾಡಿಗಳು ಲೇನ್‌ನಲ್ಲಿ ಸಾಲಾಗಿ ನಿಲ್ಲುವ ಊರುಗಳಲ್ಲಿ. ನಮ್ಮಲ್ಲಿ ಕಾರಿನ ಪಕ್ಕ ಎರಡು ಬೈಕು, ಅದರ ಮುಂದೆ ಅಡ್ಡಲಾಗಿ ಆಟೋ, ಹಿಂದೆ ಬಸ್ಸು. ಕೊಸಿಕಾಸ್ಟ್ ಮಾಡಿದ್ದು ಈ ಕಲಸುಮೇಲೋಗರವನ್ನು ನೋಡಿಕೊಂಡೇ.

ಇದಕ್ಕೆ ಮೂರು ಮೋಡ್ ಇವೆ. ಆಂಬುಲೆನ್ಸ್ ಬಂದಾಗ ಅಥವಾ ತುರ್ತು ಇದ್ದಾಗ ಪೊಲೀಸರು ಕೈಯಲ್ಲೇ ನಡೆಸುವುದು ಒಂದು. ಜಂಕ್ಷನ್ ತನ್ನಷ್ಟಕ್ಕೆ ತಾನು ಗಾಡಿ ನೋಡಿ ಹಸಿರು ಕೊಡುವುದು ಇನ್ನೊಂದು. ಒಂದು ರಸ್ತೆಯ ಜಂಕ್ಷನ್‌ಗಳೆಲ್ಲ ಒಂದಕ್ಕೊಂದು ಹೊಂದಿಕೊಂಡು ನಡೆಯುವುದು ಮೂರನೆಯದು. ಇದು ನಿಜವಾಗಿಯೂ ಕೆಲಸ ಮಾಡುತ್ತದೆ, ಅನುಮಾನ ಬೇಡ. ಮಧ್ಯಾಹ್ನ ಮೂರು ಗಂಟೆಗೆ, ರಾತ್ರಿ ಹತ್ತರ ಮೇಲೆ, ಯಾರೂ ಇಲ್ಲದ ರಸ್ತೆಗೆ ಹಸಿರು ಕೊಟ್ಟು ಉಳಿದವರನ್ನು ಸುಮ್ನೆ ನಿಲ್ಲಿಸುವುದು ತಪ್ಪಿದೆ. ಅಷ್ಟು ಪೆಟ್ರೋಲ್ ಉಳಿದರೂ ಲಾಭವೇ ಅಲ್ವಾ?

ತೊಂದರೆ ಶುರುವಾಗುವುದು ಸಂಜೆ ಆರರ ಮೇಲೆ.

ಕ್ಯಾಮೆರಾ ನೋಡುವುದು ಸ್ಟಾಪ್ ಲೈನಿನ ಹಿಂದೆ ನಾವು ಗುರುತು ಹಾಕಿಕೊಟ್ಟ ಒಂದು ಚೌಕವನ್ನು. ಅಲ್ಲಿ ಗಾಡಿ ಇದೆಯಾ, ಎಷ್ಟು ಹೊತ್ತಿನಿಂದ ಇದೆ, ಎಷ್ಟು ದಾಟಿದವು, ಇಷ್ಟೇ ಅದರ ಕಣ್ಣಿಗೆ ಬೀಳುವುದು. ಗಾಡಿ ನಿಂತಿದೆ ಎಂದರೆ ಆ ಕಡೆ ಹಸಿರು ಬೇಕಾಗಿದೆ ಅಂತ ಅದು ತಿಳಿದುಕೊಳ್ಳುತ್ತದೆ. ಈಗ ಯೋಚಿಸಿ, ಹಸಿರು ಇದ್ದರೂ ಮುಂದೆ ಹೋಗಲು ಜಾಗವಿಲ್ಲದೆ ಗಾಡಿಗಳು ಅಲ್ಲೇ ನಿಂತಿದ್ದರೆ? ಯಂತ್ರ ಇನ್ನೂ ಹತ್ತು ಸೆಕೆಂಡ್ ಕೊಡುತ್ತದೆ. ಮತ್ತೂ ನಿಂತಿದ್ದರೆ ಇನ್ನೂ ಹತ್ತು. ನಾವು ಕೊಟ್ಟ ಗರಿಷ್ಠ ಮಿತಿ ಮುಟ್ಟುವವರೆಗೂ ಕೊಡುತ್ತಲೇ ಇರುತ್ತದೆ. ಆ ಹೊತ್ತೆಲ್ಲ ಅಡ್ಡರಸ್ತೆಯವರು ಕೆಂಪಿನಲ್ಲಿ ಕಾಯುತ್ತಿರುತ್ತಾರೆ.

ದಕ್ಷಿಣ ಬೆಂಗಳೂರಿನ ಒಂದು ಜಂಕ್ಷನ್‌ನಲ್ಲಿ ಹೀಗೇ ಆಗುತ್ತಿತ್ತು. ಕಂಟ್ರೋಲ್ ರೂಮಿನ ಸ್ಕ್ರೀನಿನಲ್ಲಿ ಒಂದು ಕಡೆಯ ಹಸಿರು ಪ್ರತಿ ಸಂಜೆ ಮಿತಿ ಮುಟ್ಟುತ್ತಿತ್ತು, ಆದರೂ ಕ್ಯೂ ಕರಗುತ್ತಿರಲಿಲ್ಲ. ಮಿತಿ ಏರಿಸಿ ಎಂಬ ಸಲಹೆ ಬಂತು. ನಾನು ಸ್ಥಳಕ್ಕೆ ಹೋಗಿ ಅಲ್ಲಿ ಡ್ಯೂಟಿಯಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಜೊತೆ ನಿಂತೆ. "ಮೇಡಂ, ನೀವು ಇಲ್ಲಿ ಎಷ್ಟು ಕೊಟ್ರೂ ಅಷ್ಟೇ. ಅಲ್ಲಿ ಬಸ್ ಸ್ಟಾಪ್ ನೋಡಿ" ಅಂದರು. ಜಂಕ್ಷನ್ ದಾಟಿದ ಕೂಡಲೇ ಬಸ್ ಸ್ಟಾಪ್. ಅದರ ಜಾಗದಲ್ಲಿ ಆಟೋಗಳು ಬಾಡಿಗೆಗೆ ಕಾಯುತ್ತಿದ್ದವು. ಬಸ್ಸಿಗೆ ಒಳಗೆ ಬರಲು ಆಗುವುದಿಲ್ಲ, ಹಾಗಾಗಿ ನಡುರಸ್ತೆಯಲ್ಲೇ ನಿಂತು ಜನರನ್ನು ಹತ್ತಿಸಿಕೊಳ್ಳುತ್ತಿತ್ತು, ಅದರ ಹಿಂದೆ ಇನ್ನೊಂದು ಬಸ್ಸು, ಅದರ ಪಕ್ಕದಲ್ಲಿ ಪೈಪ್ ಹಾಕಲು ಅಗೆದು ಸರಿಯಾಗಿ ಮುಚ್ಚದ ಗುಂಡಿ, ಅದನ್ನು ತಪ್ಪಿಸಲು ಎಲ್ಲರೂ ಉಳಿದ ಒಂದೇ ಸಾಲಿಗೆ ನುಗ್ಗುತ್ತಿದ್ದರು. ಮೂರು ಸಾಲಿನ ರಸ್ತೆಯಲ್ಲಿ ಹರಿಯುತ್ತಿದ್ದದ್ದು ಒಂದೇ ಸಾಲು.

ಬಸ್ ಸ್ಟಾಪ್ ಸ್ವಲ್ಪ ಮುಂದಕ್ಕೆ ಹೋಯಿತು. ಆಟೋಗಳಿಗೆ ಅಡ್ಡರಸ್ತೆಯಲ್ಲಿ ಜಾಗ ಸಿಕ್ಕಿತು. ಇದನ್ನೆಲ್ಲ ಮಾಡಿಸಲು ಸಾಫ್ಟ್‌ವೇರ್ ಬದಲಿಸುವುದಕ್ಕಿಂತ ಬಹಳ ಜಾಸ್ತಿ ಸಮಯ ಹಿಡಿಯಿತು, ಯಾಕೆಂದರೆ ರಸ್ತೆ ಒಬ್ಬರದು, ಬಸ್ಸು ಇನ್ನೊಬ್ಬರದು, ಪೈಪ್ ಮತ್ತೊಬ್ಬರದು, ಸಿಗ್ನಲ್ ಪೊಲೀಸರದು. ಆಮೇಲೆ ನಾವು ಹಸಿರಿನ ಮಿತಿಯನ್ನು ಇಳಿಸಿದೆವು. ಇಳಿಸಿದ ಮೇಲೆ ಕ್ಯೂ ಮೊದಲಿಗಿಂತ ಚಿಕ್ಕದಾಯಿತು.

ಹಸಿರು ಇಳಿಸಿದರೆ ಕ್ಯೂ ಹೇಗೆ ಕಡಿಮೆಯಾಗುತ್ತದೆ ಅಂತ ಅನೇಕರು ನಂಬುವುದಿಲ್ಲ. ಲೆಕ್ಕ ಹಾಕಿ ನೋಡಿ. ಸರಿಯಾಗಿ ಹರಿಯುವಾಗ ಒಂದು ಸಾಲಿನಿಂದ ಸುಮಾರು 2 ಸೆಕೆಂಡಿಗೆ ಒಂದು ಕಾರು ದಾಟುತ್ತದೆ. ಮುಂದಿನ ಸಿಗ್ನಲ್ 200 ಮೀಟರ್ ದೂರದಲ್ಲಿದೆ, ಅದು ಕೆಂಪಿನಲ್ಲಿದೆ ಅಂದುಕೊಳ್ಳಿ. ನಿಂತ ಕಾರಿಗೆ ಅಂತರವೂ ಸೇರಿ 7 ಮೀಟರ್ ಬೇಕು. ಒಂದು ಸಾಲಿನಲ್ಲಿ 28 ಕಾರು ಹಿಡಿಸುತ್ತದೆ. ಅಂದರೆ ಒಂದು ನಿಮಿಷದೊಳಗೆ ಆ ರಸ್ತೆ ತುಂಬಿತು. ಆಮೇಲೆ ನೀವು ಕೊಡುವ ಪ್ರತಿ ಸೆಕೆಂಡ್ ಹಸಿರಿನಲ್ಲೂ ಗಾಡಿಗಳು ಬಂದು ಜಂಕ್ಷನ್ ಮಧ್ಯದಲ್ಲೇ ನಿಲ್ಲುತ್ತವೆ. ಅಡ್ಡರಸ್ತೆಗೆ ಹಸಿರು ಬಿದ್ದರೂ ಅವರು ಹೊರಡಲಾರರು. ನಾಲ್ಕೂ ಕಡೆ ಸಿಕ್ಕಿಹಾಕಿಕೊಳ್ಳುವುದು ಹೀಗೆ.

ಸೈಕಲ್ ಟೈಮ್ ಅಂತ ಇನ್ನೊಂದಿದೆ, ಅಂದರೆ ನಾಲ್ಕೂ ಕಡೆಗೆ ಒಂದು ಸುತ್ತು ಹಸಿರು ಕೊಟ್ಟು ಮುಗಿಸಲು ಬೇಕಾದ ಸಮಯ. ಜಾಮ್ ಆದಾಗ ಇದನ್ನು ಉದ್ದ ಮಾಡಬೇಕು ಅನ್ನುವುದು ಬಹಳ ಜನರ ಮೊದಲ ಯೋಚನೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಸಿರು ಬದಲಾಗುವಾಗ ಪ್ರತಿ ಸಲವೂ ಸುಮಾರು 4 ಸೆಕೆಂಡ್ ಯಾರಿಗೂ ಸಿಗದೆ ಹೋಗುತ್ತದೆ. ನಾಲ್ಕು ಕಡೆಗೆ 16 ಸೆಕೆಂಡ್. 60 ಸೆಕೆಂಡಿನ ಸೈಕಲ್‌ನಲ್ಲಿ ಅದು ಶೇ. 27ರಷ್ಟು, ದೊಡ್ಡ ನಷ್ಟ. 120 ಮಾಡಿದರೆ ಶೇ. 13. ಇಲ್ಲಿಯವರೆಗೂ ಲಾಭ ಕಾಣುತ್ತದೆ. 180ಕ್ಕೆ ಶೇ. 9, 240ಕ್ಕೆ ಶೇ. 7. ಆ ಕೊನೆಯ 60 ಸೆಕೆಂಡ್ ಸೇರಿಸಿ ಗಳಿಸಿದ್ದು ಶೇ. 2ರಷ್ಟು ಮಾತ್ರ. ಅದಕ್ಕೆ ಬದಲಾಗಿ ಪ್ರತಿಯೊಬ್ಬರೂ ಕೆಂಪಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ? ಬೈಕಿನವರು ಸ್ಟಾಪ್ ಲೈನ್ ದಾಟಿ ಜೀಬ್ರಾ ಕ್ರಾಸಿಂಗ್ ಮೇಲೆ ಬಂದು ನಿಲ್ಲುತ್ತಾರೆ. ಕ್ಯಾಮೆರಾದ ಚೌಕ ಅವರ ಹಿಂದೆ ಉಳಿಯುತ್ತದೆ, ಲೆಕ್ಕವೂ ಹಾಳು.

ಕ್ಯಾಮೆರಾ ವಿಷಯಕ್ಕೆ ಬಂದರೆ, ಅದನ್ನು ಹಾಕುವುದು ಸುಲಭ, ನೋಡಿಕೊಳ್ಳುವುದೇ ದೊಡ್ಡ ಕೆಲಸ. ರಸ್ತೆಗೆ ಡಾಂಬರು ಹಾಕಿದ ಮೇಲೆ ಸ್ಟಾಪ್ ಲೈನನ್ನು ಎರಡು ಮೀಟರ್ ಹಿಂದೆ ಬಳಿದು ಹೋಗುತ್ತಾರೆ, ಚೌಕವನ್ನು ಮತ್ತೆ ಗುರುತು ಮಾಡಬೇಕು. ಮಳೆಗಾಲದಲ್ಲಿ ಗುಲ್‌ಮೊಹರ್ ಕೊಂಬೆ ಬೆಳೆದು ಅಡ್ಡ ಬರುತ್ತದೆ. ಒದ್ದೆ ರಸ್ತೆಯಲ್ಲಿ ಹೆಡ್‌ಲೈಟ್ ಪ್ರತಿಫಲಿಸಿ ಇಲ್ಲದ ಗಾಡಿ ಇದ್ದಂತೆ ಕಾಣುತ್ತದೆ. ಜೋರು ಮಳೆ ಬಂದರೆ ಬೈಕಿನವರೆಲ್ಲ ಫ್ಲೈಓವರ್ ಕೆಳಗೆ ನಿಲ್ಲುತ್ತಾರೆ, ಪಾಪ ಅವರಾದರೂ ಎಲ್ಲಿಗೆ ಹೋಗಬೇಕು. ಆದರೆ ಆ ಜಾಗದಲ್ಲಿ ಎರಡು ಸಾಲು ಮುಚ್ಚಿಹೋಗುತ್ತದೆ, ಮತ್ತೆ ಅದೇ ಕಥೆ: ಮುಂದೆ ಜಾಗವಿಲ್ಲ, ಹಿಂದೆ ಹಸಿರು.

ಯಂತ್ರಕ್ಕೆ ಗೊತ್ತಾಗದ, ಆದರೆ ಆ ಏರಿಯಾದವರಿಗೆಲ್ಲ ಗೊತ್ತಿರುವ ವಿಷಯ ಬಹಳ ಇವೆ. ಕಲ್ಯಾಣ ಮಂಟಪ ಇರುವ ರಸ್ತೆಯಲ್ಲಿ ಮುಹೂರ್ತದ ದಿನ ಸಂಜೆ ರಿಸೆಪ್ಷನ್ನಿಗೆ ಬಂದ ಕಾರುಗಳು ಎರಡು ಸಾಲಾಗಿ ನಿಂತಿರುತ್ತವೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ ಸುತ್ತ ಹೂವು ಹಣ್ಣಿನ ವ್ಯಾಪಾರವೇ ರಸ್ತೆ ತುಂಬಿರುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬಸವನಗುಡಿಯ ಲೆಕ್ಕವೇ ಬೇರೆ. ಶಾಲೆ ಬಿಡುವ ಹೊತ್ತಿಗೆ ವ್ಯಾನುಗಳು. ಇವುಗಳಿಗೆ ಮುಂಚೆಯೇ ಬೇರೆ ಪ್ಲಾನ್ ಹಾಕಿಡಬಹುದು, ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಜಾಗವಿದೆ. ಈಗ ನನ್ನ ಮೇಜಿನ ಮೇಲೆ ಪಂಚಾಂಗವಿರುವ ಕ್ಯಾಲೆಂಡರ್ ಇದೆ. ಹೊಸ ಜಂಕ್ಷನ್ ಕೈಗೆ ಬಂದರೆ ಮೊದಲು ಅಲ್ಲಿನ ಟ್ರಾಫಿಕ್ ಪೊಲೀಸರು, ಹೂ ಮಾರುವ ಅಮ್ಮ, ಆಟೋ ಅಣ್ಣಂದಿರನ್ನು ಮಾತಾಡಿಸುತ್ತೇನೆ. ಯಾವ ದಿನ, ಯಾವ ಹೊತ್ತಿಗೆ, ಎಲ್ಲಿಂದ ಕಟ್ಟಿಕೊಳ್ಳುತ್ತದೆ ಅಂತ ಅವರು ಬೆರಳು ತೋರಿಸಿ ಹೇಳುತ್ತಾರೆ.

ಇನ್ನು ನಡೆದು ದಾಟುವವರು. ಕ್ಯಾಮೆರಾ ಗಾಡಿಗಳನ್ನು ಎಣಿಸುತ್ತದೆ, ಹಾಗಾಗಿ ರಿಪೋರ್ಟಿನಲ್ಲಿ ಬರುವುದೂ ಗಾಡಿಗಳ ಲೆಕ್ಕವೇ. ರಸ್ತೆ ದಾಟುವವರಿಗೆ ನಾವು ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಹಿಡಿಯುತ್ತೇವೆ. 14 ಮೀಟರ್ ಅಗಲದ ರಸ್ತೆಗೆ ಸುಮಾರು 12 ಸೆಕೆಂಡ್. ಕೋಲು ಹಿಡಿದ ಅಜ್ಜಿ, ಮಗು ಎತ್ತಿಕೊಂಡ ತಾಯಿ ಆ ವೇಗದಲ್ಲಿ ನಡೆಯುವುದಿಲ್ಲ. 0.8 ಮೀಟರ್ ಅಂತ ಇಟ್ಟರೆ 17 ಸೆಕೆಂಡಿಗೂ ಜಾಸ್ತಿ ಬೇಕು. ಈ ಐದಾರು ಸೆಕೆಂಡಿಗಾಗಿ ನಾನು ಮೀಟಿಂಗ್‌ಗಳಲ್ಲಿ ಜಗಳ ಮಾಡಿದ್ದೇನೆ, ಮಾಡುತ್ತಲೂ ಇರುತ್ತೇನೆ. ಬಸ್ಸಿಗೆ ಬರುವವರೆಲ್ಲ ಮೊದಲು ರಸ್ತೆ ದಾಟಿಯೇ ಬರಬೇಕು. ದಾಟಲು ಹೆದರಿಕೆಯಾದರೆ ಅವರೂ ನಾಳೆ ಸ್ಕೂಟರ್ ಕೊಳ್ಳುತ್ತಾರೆ. ಒಂದು ಕೋಟಿ ದಾಟಿದ ಈ ಊರಿನ ಗಾಡಿಗಳಿಗೆ ಇನ್ನೊಂದು ಸೇರುತ್ತದೆ.

ಸದ್ಯಕ್ಕೆ ನಾನು ಬೆನ್ನು ಹತ್ತಿರುವುದು ಎರಡು ವಿಷಯ. ಜಂಕ್ಷನ್ ದಾಟಿದ ಮೇಲಿನ ರಸ್ತೆಯನ್ನು ನೋಡಲು ಒಂದು ಕ್ಯಾಮೆರಾ ಬೇಕು, ಅಲ್ಲಿ ಗಾಡಿ ಕಟ್ಟಿಕೊಂಡರೆ ಹಿಂದಿನ ಹಸಿರು ತಾನಾಗಿ ನಿಲ್ಲಬೇಕು. ರಿಪೋರ್ಟಿನಲ್ಲಿ ಗಾಡಿಗಳ ಜೊತೆಗೆ ದಾಟಲು ಕಾದ ಜನ ಎಷ್ಟು, ಎಷ್ಟು ಹೊತ್ತು ಕಾದರು ಎಂಬುದೂ ಬರಬೇಕು. ಮೊದಲನೆಯದಕ್ಕೆ ಒಪ್ಪಿಗೆ ಸಿಗುವ ಹಾಗೆ ಕಾಣುತ್ತಿದೆ. ಎರಡನೆಯದಕ್ಕೆ ಇನ್ನೂ ಓಡಾಡುತ್ತಿದ್ದೇನೆ.